ಎಸಿ ಹಾಕಿಸುವ ಮುನ್ನ ಲೈಸೆನ್ಸ್ ನಂಬರ್ ಕೇಳಿ

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇವೆ. ಮನೆಯ ಹಳೇ ಫರ್ನೇಸ್ (ಮನೆ ಬೆಚ್ಚಗಿಡುವ ಯಂತ್ರ), ಎಸಿ ಎರಡನ್ನೂ ಬದಲಾಯಿಸಬೇಕು. ಪರಿಚಯದವರು ಹೇಳಿದ ಒಬ್ಬರು 9,000 ಡಾಲರಿಗೆ ಮಾಡಿಕೊಡ್ತೀನಿ ಅಂತಾರೆ. ಬೇರೆಯವರಿಗಿಂತ ತುಂಬಾ ಕಡಿಮೆ. 4,000 ಅಡ್ವಾನ್ಸ್ ಬೇಕಂತೆ, ಸಿಟಿಯ ಪರ್ಮಿಟ್ ಬೇಡವಂತೆ. ಲೈಸೆನ್ಸ್ ಕೇಳಿದರೆ ಇಪಿಎ (ಅಮೆರಿಕದ ಪರಿಸರ ಸಂಸ್ಥೆ) ಕಾರ್ಡ್ ತೋರಿಸಿದರು. ಅಷ್ಟು ಸಾಕಾ?

ಉತ್ತರ: ಸಾಲದು. ದಯವಿಟ್ಟು ಇನ್ನೂ ದುಡ್ಡು ಕೊಡಬೇಡಿ.

ಇಪಿಎ 608 ಕಾರ್ಡ್ ಕೇಂದ್ರ ಸರ್ಕಾರದ್ದು. ಎಸಿಯೊಳಗಿನ ಗ್ಯಾಸನ್ನು ಮುಟ್ಟುವ ಪ್ರತಿ ಮೆಕ್ಯಾನಿಕ್ ಹತ್ತಿರವೂ ಅದು ಇರಲೇಬೇಕು. ಆದರೆ ಗುತ್ತಿಗೆ ಹಿಡಿಯಲು ಅದು ಅನುಮತಿ ಅಲ್ಲ. ಅದಕ್ಕೆ ರಾಜ್ಯದ ಕಾಂಟ್ರಾಕ್ಟರ್ಸ್ ಲೈಸೆನ್ಸ್ ಬೋರ್ಡ್ ಕೊಡುವ ಸಿ-20 ಲೈಸೆನ್ಸ್ ಬೇಕು. ಅದು ಸುಮ್ನೆ ಸಿಗುವುದಿಲ್ಲ. 10 ವರ್ಷದೊಳಗೆ 4 ವರ್ಷ ಈ ಕೆಲಸದಲ್ಲಿ ಪಳಗಿರಬೇಕು, ಸಾಮಾನ್ಯವಾಗಿ ಎರಡು ಪರೀಕ್ಷೆ ಪಾಸಾಗಬೇಕು, 25,000 ಡಾಲರಿನ ಬಾಂಡ್ (ಖಾತರಿ ಪತ್ರ) ಇಡಬೇಕು. 2023ರಿಂದ ಇನ್ನೊಂದು ನಿಯಮ ಬಂದಿದೆ: ಒಬ್ಬರೇ ದುಡಿಯುತ್ತಿದ್ದರೂ ಸಿ-20ಯವರು ಕಾರ್ಮಿಕ ವಿಮೆ ಮಾಡಿಸಲೇಬೇಕು. ನಿಮಗೆ ಇದೇ ಮುಖ್ಯ. ವಿಮೆ ಇಲ್ಲದವರ ಹುಡುಗ ನಿಮ್ಮ ಅಟ್ಟದಿಂದ ಬಿದ್ದರೆ ಆಸ್ಪತ್ರೆ ಖರ್ಚು ನಿಮ್ಮ ತಲೆಗೇ ಬರಬಹುದು.

ಬೋರ್ಡಿನ ವೆಬ್‌ಸೈಟಿನಲ್ಲಿ ಲೈಸೆನ್ಸ್ ನಂಬರ್ ಹಾಕಿ ನೋಡಿ. ‘ಆಕ್ಟಿವ್’ ಎಂದಿರಬೇಕು, ವರ್ಗ ಸಿ-20 ಇರಬೇಕು, ಬಾಂಡ್ ಮತ್ತು ವಿಮೆ ಚಾಲ್ತಿಯಲ್ಲಿರಬೇಕು. ಅಲ್ಲಿರುವ ಹೆಸರಿಗೂ ನಿಮ್ಮ ಮುಂದೆ ನಿಂತವರ ಗುರುತಿನ ಚೀಟಿಗೂ ತಾಳೆಯಾಗಬೇಕು. ಬೇರೆಯವರ ನಂಬರ್ ಹೇಳಿ ಕೆಲಸ ಹಿಡಿಯುವವರೂ ಇದ್ದಾರೆ.

ಅಡ್ವಾನ್ಸ್ ವಿಚಾರದಲ್ಲಿ ಕಾನೂನು ಇನ್ನೂ ಖಚಿತ: ಒಟ್ಟು ಮೊತ್ತದ ಶೇ. 10 ಅಥವಾ 1,000 ಡಾಲರ್, ಯಾವುದು ಕಡಿಮೆಯೋ ಅಷ್ಟೇ. ನಿಮ್ಮ ಲೆಕ್ಕಕ್ಕೆ ಅದು 900 ಡಾಲರ್. 4,000 ಕೇಳಿದ್ದೇ ತಪ್ಪು.

ಪರ್ಮಿಟ್ ಬೇಡ ಅನ್ನುವ ಮಾತಂತೂ ನನಗೆ ನಿಜಕ್ಕೂ ಭಯ ಹುಟ್ಟಿಸುತ್ತದೆ. ಫರ್ನೇಸ್‌ಗೆ ಗ್ಯಾಸ್ ಪೈಪು ಬರುತ್ತದೆ, ಹೊಗೆ ಹೋಗಲು ಕೊಳವೆ ಬೇಕು. ಆ ಕೊಳವೆಯ ಜೋಡಣೆ ಸಡಿಲವಾದರೆ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ಸೇರುತ್ತದೆ. ಅದಕ್ಕೆ ವಾಸನೆಯೇ ಇಲ್ಲ. ನಿದ್ದೆಯಲ್ಲಿರುವ ಮಕ್ಕಳಿಗೆ ಹೇಗೆ ಗೊತ್ತಾಗಬೇಕು? ಪರ್ಮಿಟ್ ತೆಗೆದರೆ ಸಿಟಿಯ ಇನ್ಸ್‌ಪೆಕ್ಟರ್ ಬಂದು ನೋಡುವುದು ಇಂಥದ್ದನ್ನೇ.

ಲೈಸೆನ್ಸ್ ಇಲ್ಲದವರಿಗೆ ಈಗಾಗಲೇ ದುಡ್ಡು ಕೊಟ್ಟ ಓದುಗರಿಗೂ ದಾರಿಯಿದೆ. ಕೊಟ್ಟದ್ದನ್ನು ವಾಪಸ್ ಪಡೆಯಲು ಕೋರ್ಟಿಗೆ ಹೋಗಬಹುದು. ಬಾಕಿ ಕೊಡಿ ಎಂದು ಅವರು ನಿಮ್ಮ ಮೇಲೆ ಕೇಸು ಹಾಕುವಂತಿಲ್ಲ.

ಪ್ರಶ್ನೆ: ತಮ್ಮ ಮೈಸೂರಿನಲ್ಲಿ ಐಟಿಐ ಮುಗಿಸಿ ಎಸಿ ಕೆಲಸ ಮಾಡುತ್ತಿದ್ದ. ಈಗ ಕೆಲಸ ಮಾಡುವ ಅನುಮತಿಯೊಂದಿಗೆ ಇಲ್ಲಿದ್ದಾನೆ. ಮತ್ತೆ ಮೊದಲಿಂದ ಶುರು ಮಾಡಬೇಕಾ?

ಉತ್ತರ: ಪೂರ್ತಿ ಬೇಡ. ಲೈಸೆನ್ಸ್ ಇರುವವರ ಬಳಿ ನೌಕರಿಗೆ ಸೇರಲು ಸಿ-20 ಬೇಕಿಲ್ಲ. 608 ಪರೀಕ್ಷೆ ಪಾಸಾದರೆ ಎಸಿ ಗ್ಯಾಸಿನ ಕೆಲಸಕ್ಕೆ ಕೈ ಹಾಕಬಹುದು. ಅದನ್ನು ನವೀಕರಿಸುವ ಗೋಜೂ ಇಲ್ಲ. ಮುಂದೆ ಸ್ವಂತವಾಗಿ ಗುತ್ತಿಗೆ ಹಿಡಿಯುವ ಆಸೆಯಿದ್ದರೆ ಊರಿನ ಅನುಭವವೂ ನೆರವಿಗೆ ಬರುತ್ತದೆ. ಅವನ ಕೆಲಸವನ್ನು ಕಣ್ಣಾರೆ ಕಂಡವರು, ಹಳೇ ಮಾಲೀಕರೋ ಜೊತೆಗೆ ದುಡಿದವರೋ, ಬರೆದು ದೃಢಪಡಿಸಬೇಕು. ಅವರ ಫೋನ್ ನಂಬರ್ ಸಿಗುವಾಗಲೇ ಆ ಪತ್ರ ತರಿಸಿಕೊಳ್ಳಲು ಹೇಳಿ.