ಐಸಿಜಿ ಡೈ ಹಾಕಿದರೆ ಗಂಟಲ ಗಡ್ಡೆ ಪೂರ್ತಿ ಕಾಣುತ್ತದಾ?

ಮಾಲೂರಿನ ಸರ್, ನಿಮ್ಮ ತಂದೆಯವರ ಆಪರೇಷನ್‌ನಲ್ಲಿ ಐಸಿಜಿ (ಇಂಡೋಸಯನಿನ್ ಗ್ರೀನ್) ಡೈ ಹಾಕಿದರೆ ಗಂಟಲ ಕ್ಯಾನ್ಸರ್ ಗಡ್ಡೆಯೆಲ್ಲ ಕಾಣುತ್ತದಾ ಅಂತ ಕೇಳಿದ್ದೀರಿ. ಇಲ್ಲ. ಅದು ಕ್ಯಾನ್ಸರ್ ಕಣವನ್ನೇ ಹುಡುಕಿ ಅಂಟಿಕೊಳ್ಳುವ ಡೈ ಅಲ್ಲ. ರಕ್ತದ ಪ್ರೋಟೀನಿಗೆ ಅಂಟಿ ರಕ್ತ ಹರಿದ ಕಡೆ ಹೋಗುತ್ತದೆ. 800 ನ್ಯಾನೊಮೀಟರ್ ಆಸುಪಾಸಿನ ಬೆಳಕು ಬಿಟ್ಟಾಗ ವಿಶೇಷ ಕ್ಯಾಮೆರಾದಲ್ಲಿ ಹೊಳೆಯುತ್ತದೆ, ಅದೂ ಸುಮಾರು 1 ಸೆಂಟಿಮೀಟರ್ ಆಳದವರೆಗೆ ಮಾತ್ರ. ಬಾವು ಇದ್ದ ಜಾಗವೂ ಹೊಳೆಯಬಹುದು. ಆದ್ದರಿಂದ ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಉಳಿದಿದೆಯಾ ಅನ್ನುವುದಕ್ಕೆ ಪೆಥಾಲಜಿಯೇ (ತುಣುಕನ್ನು ಮೈಕ್ರೋಸ್ಕೋಪಿನಲ್ಲಿ ನೋಡುವ ಪರೀಕ್ಷೆ) ಆಧಾರ. ‘ಆಪರೇಷನ್ ನಡೆಯುವಾಗಲೇ ಫ್ರೋಜನ್ ಸೆಕ್ಷನ್ ಮಾಡ್ತೀರಾ?’ ಅಂತ ಖಂಡಿತ ಕೇಳಿ. ಅಂದರೆ ಅಂಚಿನ ತುಣುಕನ್ನು ಆಗಲೇ ಹೆಪ್ಪುಗಟ್ಟಿಸಿ ಪರೀಕ್ಷಿಸುವುದು. ಡೈಗಿಂತ ಇದೇ ಮುಖ್ಯ.

ಐಸಿಜಿ ಚೆನ್ನಾಗಿ ಕೆಲಸಕ್ಕೆ ಬರುವುದು ತೊಡೆಯಿಂದಲೋ ಎದೆಯಿಂದಲೋ ತಂದು ಗಂಟಲಿಗೆ ಕೂರಿಸಿದ ಚರ್ಮ-ಮಾಂಸದ ತುಂಡಿಗೆ, ಅಂದರೆ ಫ್ಲ್ಯಾಪ್‌ಗೆ ರಕ್ತ ಹರಿಯುತ್ತಿದೆಯಾ ಅಂತ ನೋಡಲು. ಇಂಜೆಕ್ಷನ್ ಕೊಟ್ಟ ಒಂದೆರಡು ನಿಮಿಷದಲ್ಲೇ ತಿಳಿಯುತ್ತದೆ.

ತಂದೆಯವರಿಗೆ ಅಯೋಡಿನ್ ಅಲರ್ಜಿ ಇದ್ದರೆ ಅರಿವಳಿಕೆ ಡಾಕ್ಟರಿಗೆ ಮೊದಲೇ ಹೇಳಿಬಿಡಿ. ಈ ಡೈ ಪುಡಿಯಲ್ಲಿ ಸಾಮಾನ್ಯವಾಗಿ ಸೋಡಿಯಂ ಅಯೋಡೈಡ್ ಇರುತ್ತದೆ. ಲಿವರ್ ತೊಂದರೆ ಇದ್ದರೂ ಹೇಳಿ, ಡೈ ಹೊರಹೋಗುವುದು ಪಿತ್ತದ ಮೂಲಕ.