ಗೊಲ್ಯಾತನನ್ನು ಕೊಂದವರು ಯಾರು?

ದೈತ್ಯ ಗೊಲ್ಯಾತನನ್ನು ದಾವೀದನು ಕೊಂದಿದ್ದರೆ ಬೈಬಲಿನ 2 ಸಮುವೇಲ 21:19 ಆ ಕೀರ್ತಿಯನ್ನು ಬೇತ್ಲೆಹೇಮಿನವನಾದ ಎಲ್ಹಾನಾನನಿಗೆ ಏಕೆ ಕೊಡುತ್ತದೆ ಎಂದು ಕೇಳಿದ್ದೀರಿ. ನೀವು ತಪ್ಪಾಗಿ ಓದಿಲ್ಲ. ಹೀಬ್ರೂ ಮೂಲದಲ್ಲಿಯೂ ಹಾಗೆಯೇ ಇದೆ. ಅದಕ್ಕಿಂತ ಈಚಿನ 1 ಪೂರ್ವಕಾಲವೃತ್ತಾಂತ 20:5 ಮಾತ್ರ ಎಲ್ಹಾನಾನನು ಕೊಂದದ್ದು ಗೊಲ್ಯಾತನ ಸಹೋದರ ಲಹ್ಮೀಯನ್ನು ಎನ್ನುತ್ತದೆ. ಸ್ವಾರಸ್ಯವಿರುವುದು ಈ ಹೆಸರಿನಲ್ಲೇ. ಹೀಬ್ರೂವಿನಲ್ಲಿ ಬೇತ್ಲೆಹೇಮಿನವನು ಎನ್ನಲು ‘ಬೇತ್ ಹಲ್ಲಹ್ಮೀ’ ಎನ್ನುತ್ತಾರೆ. ಅದರ ಕೊನೆಯ ತುಂಡೇ ‘ಲಹ್ಮೀ’! ಸಮುವೇಲನ ಪುಸ್ತಕವನ್ನು ನಕಲು ಮಾಡಿದವನೇ ಎಡವಿದ್ದಾನೆ ಎಂದು ಕೆಲವರು ವಾದಿಸುತ್ತಾರೆ. ಆ ವಚನದಲ್ಲಿ ‘ನೇಕಾರರು’ ಎಂಬ ಅರ್ಥದ ಪದವೊಂದು ಎಲ್ಹಾನಾನನ ತಂದೆಯ ಹೆಸರಿಗೂ ಅಂಟಿಕೊಂಡಿರುವುದರಿಂದ ಆ ವಾದವನ್ನು ತಳ್ಳಿಹಾಕಲಾಗದು. ಆದರೂ ವಿರೋಧವನ್ನು ಕಂಡ ವೃತ್ತಾಂತಕಾರನೇ (ಪೂರ್ವಕಾಲವೃತ್ತಾಂತವನ್ನು ಬರೆದವನೇ) ಪಾಠವನ್ನು ಸರಿಪಡಿಸಿದನೆಂದು ನಾನು ನಂಬುತ್ತೇನೆ. ಕೆಲವು ಅನುವಾದಗಳು ಸಮುವೇಲನಲ್ಲಿಯೂ ‘ಸಹೋದರ’ ಎಂದು ಸೇರಿಸಿವೆ. ದಯವಿಟ್ಟು ಅವನ್ನು ಮೂಲವೆಂದು ಭಾವಿಸಬೇಡಿ.