ಸಂಪಾಜೆ ಘಾಟಿಯಲ್ಲಿ ನಿಲ್ಲುವ ಪದ್ಮಿನಿಗೆ ಎಲೆಕ್ಟ್ರಿಕ್ ಪಂಪ್ ಬೇಕೇ?

ಪ್ರಶ್ನೆ: ತಂದೆಯ ಕಾಲದ ಪ್ರೀಮಿಯರ್ ಪದ್ಮಿನಿ ನಮ್ಮಲ್ಲಿದೆ. ಊರೊಳಗೆ ತಕರಾರಿಲ್ಲದೆ ಓಡುತ್ತದೆ. ಬೇಸಿಗೆಯಲ್ಲಿ ಸುಳ್ಯ ಕಡೆಯಿಂದ ಮಡಿಕೇರಿಗೆ ಹತ್ತುವಾಗ ಮಾತ್ರ ಜೋಡುಪಾಲದ ಆಸುಪಾಸಿನಲ್ಲಿ ಮುಗ್ಗರಿಸಿ ನಿಂತುಬಿಡುತ್ತದೆ. ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಅರ್ಧ ಗಂಟೆ ಕಾದರೆ ಮತ್ತೆ ಚಾಲೂ. ಎಲೆಕ್ಟ್ರಿಕ್ ಪಂಪ್ ಕೂರಿಸಿ ಇಗ್ನಿಷನ್ ಕಾಯಿಲ್‌ನಿಂದ ಒಂದು ವೈರ್ ಎಳೆದರೆ ಮುಗಿಯಿತು ಎನ್ನುತ್ತಾರೆ ಮೆಕ್ಯಾನಿಕ್. ಗುಜರಿಯಲ್ಲಿ ಹೊಸ ಮಾದರಿಯ ಕಾರಿನ ಪಂಪ್ ಅಗ್ಗಕ್ಕೆ ಸಿಗುತ್ತಿದೆ. ಹಾಕಿಸಬಹುದೇ?
– ಅಮ್ಮತ್ತಿಯ ಓದುಗರು

ಉತ್ತರ: ಪಂಪ್ ಹಾಕಿಸಬಹುದು. ಆದರೆ ಗುಜರಿಯ ಆ ಪಂಪ್ ಬೇಡ, ಕಾಯಿಲ್‌ನಿಂದ ಎಳೆಯುವ ವೈರೂ ಬೇಡ.

ಮೊದಲು ಖರ್ಚಿಲ್ಲದ ಒಂದು ಪರೀಕ್ಷೆ. ಮುಂದಿನ ಸಲ ಗಾಡಿ ನಿಂತಾಗ ಬಾನೆಟ್ ಎತ್ತುವ ಮುನ್ನ ಟ್ಯಾಂಕಿನ ಮುಚ್ಚಳ ತೆರೆಯಿರಿ. ಸುಯ್ ಎಂದು ಗಾಳಿ ಒಳಗೆ ನುಗ್ಗಿ, ಕೂಡಲೇ ಎಂಜಿನ್ ಚಾಲೂ ಆದರೆ ಟ್ಯಾಂಕಿನ ಗಾಳಿಕಿಂಡಿ ಕಟ್ಟಿಕೊಂಡಿದೆ ಎಂದರ್ಥ. ತೋಟದ ಶೆಡ್ಡಿನಲ್ಲಿ ತಿಂಗಳುಗಟ್ಟಲೆ ನಿಲ್ಲುವ ಗಾಡಿಗೆ ಕಣಜ ಮೆತ್ತಿದ ಚೂರು ಮಣ್ಣೇ ಸಾಕು. ತಂತಿ ತೂರಿಸಿದರೆ ಹೋಗುವ ರೋಗಕ್ಕೆ ಪಂಪ್ ಏಕೆ?

ಹಾಗಾಗದೆ, ತಣಿದ ಮೇಲಷ್ಟೇ ಓಡಿದರೆ ಅದು ಪೆಟ್ರೋಲ್ ಆವಿಯಾಗಿ ಪೈಪಿನಲ್ಲಿ ಕಟ್ಟಿಕೊಳ್ಳುವ ತೊಂದರೆ. ಗ್ಯಾರೇಜಿನವರು ವೇಪರ್ ಲಾಕ್ ಎನ್ನುವುದು ಇದನ್ನೇ. ಹಳೆಯ ಪಂಪ್ ಎಂಜಿನ್ನಿಗೇ ಅಂಟಿಕೊಂಡಿರುತ್ತದೆ. ಹಿಂದಿನ ಟ್ಯಾಂಕಿನಿಂದ ಅಷ್ಟುದ್ದ ಹೀರಬೇಕು. ಹೀರುವಾಗ ಪೈಪಿನೊಳಗೆ ಒತ್ತಡ ತಗ್ಗುತ್ತದೆ, ತಗ್ಗಿದಲ್ಲಿ ಪೆಟ್ರೋಲ್ ಬೇಗ ಕುದಿಯುತ್ತದೆ. ಎರಡನೇ ಗೇರಿನಲ್ಲಿ ಹತ್ತುವಾಗ ಬಾನೆಟ್ಟಿನೊಳಗಿನ ಬಿಸಿಯೂ ಸೇರಿಕೊಳ್ಳುತ್ತದೆ. ಟ್ಯಾಂಕಿನ ಬಳಿಯ ಎಲೆಕ್ಟ್ರಿಕ್ ಪಂಪ್ ಹೀರುವುದಿಲ್ಲ, ತಳ್ಳುತ್ತದೆ. ಅದರ ಲಾಭವೆಲ್ಲ ಇಲ್ಲಿದೆ. ಎಂಜಿನ್ ಪಕ್ಕದಲ್ಲೇ ಕೂರಿಸಿದರೆ ದುಡ್ಡು ದಂಡ.

ಇಂಜೆಕ್ಷನ್ ಕಾರಿನ ಪಂಪ್ ಕೊಡುವುದು 40 ಪಿಎಸ್‌ಐ ಆಸುಪಾಸಿನ ಒತ್ತಡ. ನಿಮ್ಮ ಕಾರ್ಬ್ಯುರೇಟರಿಗೆ 2ರಿಂದ 3.5 ಸಾಕು. ಮೀರಿದರೆ ಅದರೊಳಗೆ ಪೆಟ್ರೋಲ್ ಬರುವ ಕಿಂಡಿ ಮುಚ್ಚುವ ನೀಡಲ್ ವಾಲ್ವ್ ತಡೆಯಲಾರದು, ಪೆಟ್ರೋಲ್ ಉಕ್ಕಿ ಬಿಸಿ ಎಂಜಿನ್ ಮೇಲೆ ಸುರಿಯುತ್ತದೆ. ಕಾರ್ಬ್ಯುರೇಟರ್ ಗಾಡಿಗೆಂದೇ ಮಾಡಿದ ಪಂಪ್ ಕೊಳ್ಳಿರಿ. ಟ್ಯಾಂಕಿನ ಮಟ್ಟಕ್ಕಿಂತ ಕೆಳಗೆ, ಸೈಲೆನ್ಸರಿನಿಂದ ದೂರ, ರಬ್ಬರ್ ಬುಷ್ ಮೇಲೆ ಕೂರಿಸಿ, ಟ್ಯಾಂಕಿಗೂ ಪಂಪಿಗೂ ನಡುವೆ ಒಂದು ಫಿಲ್ಟರ್ ಹಾಕಿಸಿ. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುವುದರಿಂದ ಹಳೆಯ ರಬ್ಬರ್ ಹೋಸ್ ಮೆತ್ತಗಾಗಿ ಬಿರಿಯುತ್ತದೆ. ಎಥನಾಲ್ ತಡೆಯುವ ಹೋಸನ್ನೇ ಕೇಳಿ ತನ್ನಿ. ಹಳೆಯ ಪಂಪನ್ನು ಪೆಟ್ರೋಲ್ ಹರಿಯುವ ದಾರಿಯಲ್ಲಿ ಹಾಗೇ ಬಿಡಬೇಡಿ. ಅದರೊಳಗಿನ ಪೊರೆ (ಡಯಾಫ್ರಾಮ್) ಹರಿದರೆ ಹೊಸ ಪಂಪ್ ಪೆಟ್ರೋಲನ್ನು ನೇರ ಆಯಿಲ್ ಸಂಪಿಗೇ ತಳ್ಳುತ್ತದೆ. ಬಿಚ್ಚಿ, ಆ ಜಾಗಕ್ಕೆ ಗ್ಯಾಸ್ಕೆಟ್ ಸಮೇತ ಮುಚ್ಚುತಟ್ಟೆ ಹಾಕಿಸಿ.

ಇನ್ನು ವೈರಿಂಗ್. ಹಳೆಯ ಪಂಪಿಗೆ ಒಂದು ಸದ್ಗುಣವಿತ್ತು: ಎಂಜಿನ್ ನಿಂತೊಡನೆ ಅದೂ ನಿಲ್ಲುತ್ತಿತ್ತು. ಕೀಲಿಯಿಂದ ನೇರ ವೈರ್ ಪಡೆದ ಎಲೆಕ್ಟ್ರಿಕ್ ಪಂಪಿಗೆ ಆ ತಿಳಿವಳಿಕೆ ಇಲ್ಲ. ಗಾಡಿ ಚರಂಡಿಗೆ ಮಗುಚಿ, ಪೈಪ್ ತುಂಡಾಗಿ, ಎಂಜಿನ್ ನಿಂತಿದ್ದರೂ ಕೀಲಿ ಆನ್ ಇರುವಷ್ಟು ಹೊತ್ತು ಪೆಟ್ರೋಲ್ ಚೆಲ್ಲುತ್ತಲೇ ಇರುತ್ತದೆ. ನನ್ನ ಲೆಕ್ಕದಲ್ಲಿ ಪಂಪಿಗಿಂತ ರಿಲೇ, ಅಂದರೆ ವಿದ್ಯುತ್ತಿನಿಂದಲೇ ಆನ್-ಆಫ್ ಆಗುವ ಸ್ವಿಚ್, ಮುಖ್ಯ. ಕಾಯಿಲ್‌ನ ಮಿಡಿತ ನಿಂತರೆ ಪಂಪನ್ನೂ ನಿಲ್ಲಿಸುವ ರಿಲೇಗಳಿವೆ, ಅದನ್ನೇ ತರಿಸಿ. ಸಿಗದಿದ್ದರೆ ಸಾದಾ ರಿಲೇಯಲ್ಲಿ 30 ಎಂದು ಗುರುತಿರುವ ಪಿನ್ನಿಗೆ ಬ್ಯಾಟರಿಯಿಂದ 7.5 ಆಂಪ್ ಫ್ಯೂಸ್ ಮೂಲಕ ವೈರ್, 87ರಿಂದ ಪಂಪಿಗೆ, 86ಕ್ಕೆ ಇಗ್ನಿಷನ್ ಆನ್ ಆದಾಗ ಬರುವ ವಿದ್ಯುತ್, 85ರಿಂದ ಡಿಕ್ಕಿಯ ಏಟಿಗೆ ಕಡಿದುಕೊಳ್ಳುವ ಇನರ್ಷಿಯಾ ಸ್ವಿಚ್ ಮೂಲಕ ಅರ್ತ್, ಅಂದರೆ ಗಾಡಿಯ ಬಾಡಿಗೆ. ಫ್ಯೂಸ್ ಬ್ಯಾಟರಿಯ ಬಳಿಯೇ ಇರಲಿ. ಡ್ಯಾಶ್‌ಬೋರ್ಡಿನ ಆಯಿಲ್ ದೀಪದ ಸ್ವಿಚ್ಚನ್ನೇ ಬಳಸೋಣ ಎಂದು ಯಾರಾದರೂ ಹೇಳಿಯಾರು. ಅದು ಆಯಿಲ್ ಒತ್ತಡ ಇಲ್ಲದಾಗ ಜೋಡಿಕೊಳ್ಳುವ ಸ್ವಿಚ್, ನಮಗೆ ಬೇಕಾದದ್ದರ ತದ್ವಿರುದ್ಧ. ಮೆಕ್ಯಾನಿಕ್ ಹೇಳಿದಂತೆ ಕಾಯಿಲ್‌ನಿಂದಲೇ ವೈರ್ ಎಳೆಯೋಣವೆಂದರೆ, ಕಾಯಿಲ್‌ಗೆ ಹೋಗುವ ವೋಲ್ಟೇಜ್ ತಗ್ಗಿಸುವ ಬ್ಯಾಲಸ್ಟ್ ರೆಸಿಸ್ಟರ್ ಇರುವ ಗಾಡಿಯಲ್ಲಿ ಕಾಯಿಲ್ ತುದಿಗೆ ಪೂರ್ತಿ 12 ವೋಲ್ಟ್ ಬರುವುದೂ ಇಲ್ಲ.

ಕೊಡಗಿನ ಮಳೆಯಲ್ಲಿ ಮೊದಲು ಕೈಕೊಡುವುದು ಅರ್ತ್. ಬಣ್ಣ ಕೆರೆದು, ಬೋಲ್ಟ್ ಬಿಗಿದು, ಮೇಲೆ ಗ್ರೀಸ್ ಬಳಿಸಿ. ಕೆಲಸ ಶುರುವಾಗುವ ಮುನ್ನ ಬ್ಯಾಟರಿ ಬಿಚ್ಚಿರಬೇಕು, ಟ್ಯಾಂಕಿನ ಬಳಿ ಡ್ರಿಲ್ ಆಡಿಸಲು ಬಿಡಲೇಬೇಡಿ. ಕಾರ್ಬ್ಯುರೇಟರಿಗೆ ಜೋಡಿಸುವ ಮೊದಲು ಎಂಜಿನ್ ತಣ್ಣಗಿರುವಾಗ ಪೈಪಿನ ತುದಿಯನ್ನು ಕ್ಯಾನಿಗೆ ಇಳಿಸಿ, ಪಂಪಿಗೆ ತಾತ್ಕಾಲಿಕವಾಗಿ ವಿದ್ಯುತ್ ಕೊಟ್ಟು ನೋಡಿ. ನಿಮಿಷಕ್ಕೆ ಅರ್ಧ ಲೀಟರ್ ಬಂದರೆ ಧಾರಾಳ; ಗಂಟೆಗೆ 30 ಲೀಟರ್ ಕುಡಿಯುವ ಪದ್ಮಿನಿ ಎಲ್ಲೂ ಇಲ್ಲ.

ಪ್ರಶ್ನೆ: ನನ್ನ ಹಳೆಯ ಅಂಬಾಸಡರ್‌ನಲ್ಲಿ ಬ್ಯಾಟರಿಯ ಪ್ಲಸ್ ತುದಿ ಬಾಡಿಗೆ ಜೋಡಿಸಿದೆ. ಎಲೆಕ್ಟ್ರಾನಿಕ್ ಪಂಪ್ ಹಾಕಬಹುದೇ?
– ಕುಶಾಲನಗರದ ಓದುಗರು

ಉತ್ತರ: ಪೆಟ್ಟಿಗೆಯ ಮೇಲೆ ಪಾಸಿಟಿವ್ ಅರ್ತ್‌ಗೆ ಆಗುತ್ತದೆ ಎಂದು ಬರೆದಿದ್ದರೆ ಮಾತ್ರ. ಇಲ್ಲದಿದ್ದರೆ ಕೀಲಿ ತಿರುಗಿಸಿದ ಕ್ಷಣವೇ ಒಳಗಿನ ಸರ್ಕ್ಯೂಟ್ ಸುಟ್ಟು ಹೋಗಬಹುದು, ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದಿಲ್ಲ.